ಎರಡು ಸೆಂಟಿಮೀಟರ್ ರಸ್ತೆ

ನಿನ್ನೆ ಚನ್ನಪಟ್ಟಣದಲ್ಲಿ ಒಂದು ಪ್ರಮಾಣಪತ್ರ ವಿತರಣೆ ನೋಡಿ ಬಂದೆ. ತಲೆ ಇನ್ನೂ ಆರಿಲ್ಲ. ಬರಹ ಉದ್ದವಾದರೆ ಸಹಿಸಿಕೊಳ್ಳಿ.

ಹಳೆಯ ಮೈಸೂರು ರಸ್ತೆಯಲ್ಲಿರುವ ನಮ್ಮ ಸೋದರಮಾವನ ಬೊಂಬೆ ಅಂಗಡಿ ನಿಮ್ಮಲ್ಲಿ ಅನೇಕರಿಗೆ ಗೊತ್ತು. ನನ್ನ ಮದುವೆಗೆ ಬಂದವರೆಲ್ಲ ಅಲ್ಲಿ ಬಸ್ಸು ನಿಲ್ಲಿಸಿ ಗಿಲಕಿ ಕೊಂಡವರೇ. ಆ ಮಾವ ಮೂರು ದಿನ ಅಂಗಡಿಯಲ್ಲಿ ಅತ್ತೆಯನ್ನು ಕೂರಿಸಿ, ಸಣ್ಣ ವ್ಯಾಪಾರಿಗಳಿಗೆಂದು ನಡೆಸಿದ ಮಾರಾಟ ತರಬೇತಿಗೆ ಹೋಗಿದ್ದರು. ಕಲಿಸಲು ಬಂದಿದ್ದ ಹುಡುಗಿ ಒಳ್ಳೆಯವಳು, ಅವಳ ಮೇಲೆ ನನ್ನ ದೂರಿಲ್ಲ. ‘ಗಿರಾಕಿ ಎಲ್ಲಿದ್ದಾರೋ ಅಲ್ಲಿಗೆ ನೀವು ಹೋಗಬೇಕು’ ಎಂದು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸಿದಳಂತೆ. ಮಾವ ಎದ್ದು ನಿಂತು, “ಮೇಡಂ, ನಮ್ಮ ಗಿರಾಕಿಗಳು ಊರಾಚೆ ಬೈಪಾಸಿನಲ್ಲಿ ನೂರರ ವೇಗದಲ್ಲಿದ್ದಾರೆ. ಹೋಗಿ ಅಡ್ಡ ನಿಲ್ಲಲೇ?” ಎಂದರಂತೆ. ಎಲ್ಲರೂ ನಕ್ಕರಂತೆ. ತರಬೇತಿ ಮುಂದುವರಿಯಿತಂತೆ.

ನಿನ್ನೆ ಸಮಾರೋಪ. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡ. ಕಾರಣ ಕೇಳಿದರೆ ನೀವು ನಂಬುವುದಿಲ್ಲ: ಹೆದ್ದಾರಿಯಿಂದ ಚನ್ನಪಟ್ಟಣಕ್ಕೆ ಇಳಿಯುವ ದಾರಿ ಅವರ ಚಾಲಕನಿಗೆ ತಪ್ಪಿಹೋಗಿ, ಮದ್ದೂರಿನ ಹತ್ತಿರದವರೆಗೂ ಹೋಗಿ ತಿರುಗಿ ಬಂದರು. ಬಂದವರು ಮಾಡಿದ ಭಾಷಣ ಯಾವುದರ ಮೇಲೆ ಗೊತ್ತೇ? ‘ಅವಕಾಶಗಳನ್ನು ಗುರುತಿಸುವುದು ಹೇಗೆ?’

ನನ್ನ ಸಿಟ್ಟು ಇಷ್ಟೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಸುಮಾರು 118 ಕಿಲೋಮೀಟರ್. ಖರ್ಚು ಸುಮಾರು 8,480 ಕೋಟಿ ರೂಪಾಯಿ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸು. ಇಲ್ಲಿ ಊರುಗಳಿಗೆ ಊರುಗಳೇ ರಸ್ತೆಬದಿಯ ಮೇಲೆ ಬದುಕಿದ್ದವು. ಮದ್ದೂರು ವಡೆಗಾದರೂ ರೈಲಿದೆ, ಬುಟ್ಟಿ ಹೊತ್ತು ಬೋಗಿಯೊಳಗೇ ಬರುತ್ತದೆ. ಬೊಂಬೆ ಹಾಗಲ್ಲ. ಅದನ್ನು ಕಂಡು, ಮಗು ಅತ್ತು, ಅಪ್ಪ ಗೊಣಗಿ, ಕಾರು ನಿಲ್ಲಬೇಕು. ಮಗು ಅಳುವಷ್ಟು ಹತ್ತಿರದಲ್ಲಿ ಅಂಗಡಿ ಇರಬೇಕು. ಅಷ್ಟು ಹಣ ಸುರಿದವರು ಹಳೆಯ ರಸ್ತೆಯ ಅಂಗಡಿ ಸಾಲಿಗೆ ಏನು ಮಾಡಬೇಕೆಂದು ಮೊದಲೇ ಯೋಚಿಸಬೇಕಿತ್ತು. ಈಗ ನೋಡಿದರೆ ತರಬೇತಿ!

ಕೇಂದ್ರದ ವಿಶ್ವಕರ್ಮ ಯೋಜನೆ ಇದೆಯಲ್ಲ ಎನ್ನುತ್ತೀರಿ. ಇದೆ. ಹದಿನೆಂಟು ಕಸುಬುಗಳಲ್ಲಿ ಬೊಂಬೆ ಮಾಡುವುದೂ ಒಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000, ಶೇಕಡಾ 5ರ ಬಡ್ಡಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ. ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ರಾತ್ರಿ ನಿದ್ದೆ ಬಾರದೆ ಕೂತು ಲೆಕ್ಕ ಹಾಕಿದೆ (ಬ್ಯಾಂಕಿನಲ್ಲಿ ಮೂವತ್ತು ವರ್ಷ ಸವೆದವನ ಚಟ). ಆ ಹೆದ್ದಾರಿಗೆ ಒಂದು ಮೀಟರಿಗೆ ಏಳು ಲಕ್ಷಕ್ಕಿಂತ ಹೆಚ್ಚು ಬಿದ್ದಿದೆ. ಅಂದರೆ ಒಬ್ಬ ಕುಶಲಕರ್ಮಿಗೆ ಕೊಡುವ ಉಪಕರಣದ ಹಣ, ಎರಡು ಸೆಂಟಿಮೀಟರ್ ರಸ್ತೆ.

ಅಷ್ಟಕ್ಕೂ ಅವರಿಗೆ ಕೆಲಸ ಬಾರದೇ? ಮಾವನಿಗೆ ಸರಕು ಕೊಡುವ ಮನೆಗೆ ಹೋಗಿ ನೋಡಿ. ತಿರುಗುವ ಹಾಲೆ ಮರದ ತುಂಡಿಗೆ ಆ ಹೆಂಗಸು ಅರಗಿನ ಕಡ್ಡಿ ಒತ್ತುತ್ತಾಳೆ. ಉಜ್ಜಿದ ಬಿಸಿಗೇ ಅರಗು ಕರಗಿ ಕೆಂಪು ಹರಡುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅವಳಿಗೆ ಕೌಶಲ ಕಲಿಸಬೇಕಂತೆ!

‘ಹಾಗಾದರೆ ರಸ್ತೆ ಬೇಡವಾಗಿತ್ತೇ? ರಾಮನಗರದ ದಟ್ಟಣೆ ಮರೆತೆಯಾ?’ ಎಂದು ನನ್ನ ತಮ್ಮ ಈಗಲೇ ಬರೆಯಲು ಕೂತಿರುತ್ತಾನೆ. ಮರೆತಿಲ್ಲ ಮಾರಾಯ. ರಸ್ತೆ ಬೇಡವೆಂದು ಯಾರೂ ಹೇಳಿಲ್ಲ. ಮನೆ ಕಟ್ಟುವಾಗ ಪಕ್ಕದ ಮನೆಯ ಬಾವಿ ಮುಚ್ಚಿ, ಆಮೇಲೆ ಅವರಿಗೆ ನೀರಿನ ಮಿತಬಳಕೆಯ ಬಗ್ಗೆ ಉಪನ್ಯಾಸ ಕೊಡಬಾರದು ಎನ್ನುತ್ತಿದ್ದೇನೆ.

ಸರಿ, ಒಪ್ಪಿಕೊಳ್ಳುವುದನ್ನೂ ಒಪ್ಪಿಕೊಂಡುಬಿಡುತ್ತೇನೆ. ಈ ವರ್ಷ ಮೈಸೂರಿಗೆ ಏಳು ಸಲ ಹೋಗಿದ್ದೇನೆ, ಏಳೂ ಸಲ ಬೈಪಾಸಿನಲ್ಲೇ. ಗೆಳೆಯನ ಮೊಮ್ಮಗಳ ನಾಮಕರಣಕ್ಕೆ ಚನ್ನಪಟ್ಟಣದ ಬೊಂಬೆಯನ್ನು ಬೆಂಗಳೂರಿನ ಮಾಲ್ ಒಂದರಲ್ಲಿ ಎರಡರಷ್ಟು ಬೆಲೆಗೆ ಕೊಂಡೆ. ಮಾವನಿಗೆ ಇದು ಗೊತ್ತಿಲ್ಲ. ಇಲ್ಲಿ ಓದಿ ಯಾರೂ ಹೇಳಬೇಡಿ.

ಎರಡು ಸೆಂಟಿಮೀಟರಿನ ಲೆಕ್ಕವನ್ನು ಇವತ್ತು ಬೆಳಗ್ಗೆ ಫೋನಿನಲ್ಲಿ ಹೇಳಬಹುದಿತ್ತು. ಮನಸ್ಸು ತಡೆಯದೆ ಮತ್ತೆ ಹೋದೆ, ಈ ಸಲ ಹಳೆಯ ರಸ್ತೆಯಲ್ಲೇ. ತಲುಪುವಾಗ ಸಂಜೆ ಐದಾಗಿತ್ತು. ಗಲ್ಲಾದ ಹಿಂದೆ ಪ್ರಮಾಣಪತ್ರಕ್ಕೆ ಆಗಲೇ ಚೌಕಟ್ಟು ಬಿದ್ದಿತ್ತು. ಲೆಕ್ಕ ಕೇಳಿ ಮಾವ ಏನೂ ಹೇಳಲಿಲ್ಲ. ಡಬ್ಬಿಯಿಂದ ಒಂದು ಬುಗುರಿ ತೆಗೆದು ನನ್ನ ಅಂಗೈಯಲ್ಲಿಟ್ಟು, “ಇದರ ತಲೆ ಅದಕ್ಕಿಂತ ಅಗಲ ಇದೆ ನೋಡು” ಎಂದರು. ಮೂವತ್ತು ರೂಪಾಯಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಅವತ್ತಿನ ಬೋಣಿ ಅದು.