ಹಲಗೆ ಮೇಲೆ ಚಿಕ್ಕಮ್ಮ

ನಮ್ಮ ಕಡೆಯವರಿಗೆ ನೀರು ಅಂದರೆ ಮೊದಲು ಹೋಗಿ ನೋಡುವಂಥದ್ದು. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಚಿತ್ರದುರ್ಗ, ದಾವಣಗೆರೆಯವರೆಲ್ಲ ಕಾರು, ಬೈಕು, ಟಾಟಾ ಏಸ್ ಹತ್ತಿ ಹೊರಟರು. ಅದಕ್ಕೆ ಹಿಂದೆ ಆ ಕೋಡಿಯಲ್ಲಿ ನೀರು ಹರಿದದ್ದು 1933ರಲ್ಲಿ. ನಡುವೆ 89 ವರ್ಷ. ಅಷ್ಟು ಕಾದ ಮೇಲೆ ನೋಡದೆ ಇರೋಕಾಗುತ್ತಾ? ನಾವೂ ಹೋದೆವು. ನೋಡಿದೆವು, ಕೈ ಮುಗಿದೆವು, ತಂದಿದ್ದ ಮಂಡಕ್ಕಿ ತಿಂದೆವು, ಬಂದೆವು. 2025ರಲ್ಲಿ ಮತ್ತೆ ತುಂಬಿತು. ಮತ್ತೆ ಎಲ್ಲರೂ ಹೋಗಿ ನೋಡಿದರು.

ನೋಡುವುದು ಬಿಟ್ಟರೆ ಉಳಿದದ್ದೆಲ್ಲ ಕೆಲಸ. ಬಟ್ಟೆ ಒಗೆಯಬೇಕು, ಎಮ್ಮೆ ಮೈ ತೊಳೆಯಬೇಕು, ತೂಬು ಎತ್ತಬೇಕು, ಗಣಪತಿ ಬಿಡಬೇಕು, ಬಾಗಿನ ಕೊಡಬೇಕು. ಯಾವ ಕೆಲಸವೂ ಇಲ್ಲದೆ ಸುಮ್ನೆ ಕೆರೆಗೆ ಇಳಿದ ದೊಡ್ಡವರನ್ನು ನಾನು ಕಂಡಿರಲಿಲ್ಲ. ಹುಡುಗರಿಗೆ ಮಾತ್ರ ವಿನಾಯಿತಿ. ನಮ್ಮ ಅಣ್ಣಂದಿರು ಸೊಂಟಕ್ಕೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತರು. ಹುಡುಗಿಯರು ಮೇಲೆ ಕುಂತು ಅವರ ಬಟ್ಟೆ ಕಾಯುತ್ತಿದ್ದೆವು. ನಾನು ಈಜು ಕಲಿತದ್ದು ಮಕ್ಕಳು ದೊಡ್ಡವರಾದ ಮೇಲೆ, ದಾವಣಗೆರೆಯಲ್ಲಿ, ಹೆಂಗಸರ ಬ್ಯಾಚಿನಲ್ಲಿ. ಅದಕ್ಕೂ ಮನೆಯಲ್ಲಿ ಒಂದು ಕಾರಣ ಹೇಳಬೇಕಿತ್ತು. ಮಂಡಿ ನೋವಿಗೆ ಒಳ್ಳೇದಂತೆ, ಡಾಕ್ಟರು ಹೇಳಿದ್ದಾರೆ ಅಂದೆ. ಡಾಕ್ಟರು ಹೇಳಿದರೆ ಯಾರೂ ಎದುರು ಮಾತಾಡುವುದಿಲ್ಲ.

ಹೀಗಿರುವಾಗ ಅಕ್ಕನ ಮಗಳು ಮಂಗಳೂರಿನಿಂದ ಬಂದಳು. ಬೆನ್ನ ಮೇಲೆ ಅವಳಿಗಿಂತ ದಪ್ಪದ ಒಂದು ಚೀಲ. ಬಸ್ಸಿನಲ್ಲಿ ಎಲ್ಲರೂ ಟೆಂಟಾ, ಹಾಸಿಗೆಯಾ ಅಂತ ಕೇಳಿದರಂತೆ. ಬಿಚ್ಚಿದರೆ ಒಂದು ದಪ್ಪ ರಬ್ಬರ್ ಹಾಳೆಯ ಸುರುಳಿ, ಒಂದು ಪಂಪು, ಮೂರು ತುಂಡಿನ ಪ್ಯಾಡಲ್. ಅವಳು ಮೂಲ್ಕಿಯ ಶಾಂಭವಿ ನದಿಯಲ್ಲಿ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡಿಂಗ್ ಕಲಿತಿದ್ದಾಳೆ. ಹಲಗೆಯ ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕುತ್ತಾ ಹೋಗುವುದು. ಕರಾವಳಿಯಲ್ಲಿ ಇದು ಈಗ ಹೊಸದೇನಲ್ಲ. 2024ರ ಮಾರ್ಚಿನಲ್ಲಿ ಸಸಿಹಿತ್ಲು ಬೀಚಿನಲ್ಲಿ ಇದರದ್ದೇ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ನಮ್ಮ ಕಡೆ ಮಾತ್ರ ಹೊಸದು.

'ನಿನಗೂ ಕಲಿಸ್ತೀನಿ ಚಿಕ್ಕಮ್ಮ' ಅಂದಳು. ನಾನು ಬೇಡ ಅನ್ನುವ ಮೊದಲೇ ನಮ್ಮತ್ತೆ ಕೇಳಿದರು: 'ಅದ್ರಿಂದ ಏನು ಉಪಯೋಗ?' ಅತ್ತೆ ಹಾಗೆ ಕೇಳಿದ ಮೇಲೆ ಹೋಗಲೇಬೇಕು ಅನ್ನಿಸಿತು.

ಎಲ್ಲಿ ಅನ್ನುವುದೇ ದೊಡ್ಡ ಪ್ರಶ್ನೆ. ಊರೊಳಗಿನ ಕುಂದವಾಡ ಕೆರೆ ಕುಡಿಯುವ ನೀರಿನದ್ದು, ಅದರ ಮಾತೇ ಇಲ್ಲ. ಚನ್ನಗಿರಿ ಕಡೆಯ ಸೂಳೆಕೆರೆ, ಅಂದರೆ ಶಾಂತಿಸಾಗರ, ಕೆರೆ ಅನ್ನುವುದಕ್ಕಿಂತ ಸಮುದ್ರದ ಲೆಕ್ಕ. ಗಾಳಿ ಎದ್ದರೆ ಕಲಿಯುವವರಿಗೆ ದಡ ಸಿಗುವುದಿಲ್ಲ. ಕೊನೆಗೆ ನಮ್ಮ ತವರೂರಿನ ಸಣ್ಣ ಕೆರೆಗೆ ಹೋದೆವು. ಪಂಚಾಯಿತಿಯವರನ್ನು ಕೇಳಿದೆವು. ಮೀನಿನ ಹರಾಜು ಹಿಡಿದವರನ್ನೂ ಕೇಳಿದೆವು, ಬಲೆ ಎಲ್ಲೆಲ್ಲಿ ಕಟ್ಟಿದ್ದಾರೆ ಅಂತ ತಿಳಿಯಬೇಕಲ್ಲ. ನಮ್ಮ ಕೆರೆಗಳಲ್ಲಿ ಇನ್ನೊಂದು ತೊಂದರೆ ಇದೆ. ಬರಗಾಲದ ವರ್ಷಗಳಲ್ಲಿ ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಮಣ್ಣು ತೆಗೆದ ಜೆಸಿಬಿ ಗುಂಡಿಗಳೂ ಇರುತ್ತವೆ. ಮಳೆ ಬಂದು ತುಂಬಿದ ಮೇಲೆ ಎಲ್ಲ ನೀರಿನ ಕೆಳಗೆ. ಮೇಲಿನಿಂದ ಏನೂ ಕಾಣುವುದಿಲ್ಲ. ಹಾಗಾಗಿ ಜಾಲಿ ಇಲ್ಲದ ಮೂಲೆ ಯಾವುದು ಅಂತ ಊರವರೇ ತೋರಿಸಬೇಕು. ಬೋರ್ಡಿಗೂ ನಮಗೂ ನಡುವೆ ಒಂದು ಹಗ್ಗ ಇರುತ್ತದೆ, ಬಿದ್ದಾಗ ಬೋರ್ಡು ದೂರ ಹೋಗದ ಹಾಗೆ. ಎಲ್ಲರೂ ಅದನ್ನು ಕಾಲಿಗೆ ಕಟ್ಟುತ್ತಾರೆ. ಬಲೆ, ಮುಳ್ಳು, ಹರಿವು ಇರುವ ಕಡೆ ಕಾಲಿಗೆ ಕಟ್ಟಬಾರದು, ಎಲ್ಲಾದರೂ ಸಿಕ್ಕಿಕೊಂಡರೆ ಬಗ್ಗಿ ಬಿಚ್ಚಲು ಆಗುವುದಿಲ್ಲ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಬೆಲ್ಟು ಸೊಂಟಕ್ಕೆ ಹಾಕಿಸಿದಳು. ಲೈಫ್ ಜಾಕೆಟ್ ಬೇರೆ. ಚೂಡಿದಾರದ ಮೇಲೆ ಕಿತ್ತಳೆ ಜಾಕೆಟ್. ಏರಿಯ ಮೇಲೆ ನಿಂತವರಿಗೆ ಅಲ್ಲಿಂದಲೇ ಮನರಂಜನೆ ಶುರುವಾಯಿತು.

ಜನ ಸೇರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹುಡುಗರಿಗೆ ಪಂಪಿನ ಮೇಲೆ ಕಣ್ಣು. ಬೋರ್ಡಿಗೆ 15 ಪಿಎಸ್‌ಐವರೆಗೆ ಗಾಳಿ ತುಂಬಬೇಕು. 'ನಮ್ಮ ಬೈಕಿಗೇ 30 ಹಾಕ್ತೀವಿ, ಇದೇನು ಮಹಾ' ಅಂದರು. ಹಾಕಿ ಅಂತ ಬಿಟ್ಟೆವು. ಮೊದಲು ಸಲೀಸು. ಮುಳ್ಳು ಹತ್ತು ದಾಟಿತೋ ಇಲ್ಲವೋ, ಒಬ್ಬೊಬ್ಬರೇ ಅಂಗಿ ಬಿಚ್ಚಿದರು. ಬೈಕಿನ ಟಯರೆಷ್ಟು, ಹತ್ತೂವರೆ ಅಡಿ ಉದ್ದ, ಆರು ಇಂಚು ದಪ್ಪದ ಬೋರ್ಡೆಷ್ಟು? ಅದರ ಒಳಗೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸಾವಿರಾರು ಎಳೆ ದಾರ ಹೊಲಿದಿರುತ್ತಾರೆ. ಅದಕ್ಕೇ ಗಾಳಿ ತುಂಬಿದರೂ ಬಲೂನಿನಂತೆ ಉಬ್ಬದೆ ಚಪ್ಪಟೆ ಹಲಗೆಯಾಗಿ ನಿಲ್ಲುತ್ತದೆ. ಒಬ್ಬ ಹುಡುಗ ಬೆರಳಿನಿಂದ ಬಡಿದು ನೋಡಿ, 'ಪಂಚರ್ ಆದ್ರೆ ಯಾರು ಹಾಕ್ತಾರೆ?' ಅಂದ. ಒಳ್ಳೆಯ ಪ್ರಶ್ನೆ. ಚೀಲದಲ್ಲಿ ತೇಪೆಯೂ ಅಂಟೂ ಇದ್ದವು. ಅದನ್ನು ನೋಡಿದ ಮೇಲೆ ಅವನಿಗೆ ಸಮಾಧಾನ.

ಪ್ಯಾಡಲಿನ ವಿಚಾರ ಮಾತ್ರ ಉಲ್ಟಾ. ಅದು ನಮ್ಮ ಎತ್ತರಕ್ಕಿಂತ ಎಂಟು ಹತ್ತು ಇಂಚು ಜಾಸ್ತಿ ಇರಬೇಕು. ತುದಿಯ ಎಲೆ ಸ್ವಲ್ಪ ಬಾಗಿರುತ್ತದೆ. ಸಾರಿನ ಸೌಟು ಹಿಡಿದು ಅಭ್ಯಾಸವಾದ ಕೈಗೆ ಆ ಬಾಗನ್ನು ತನ್ನ ಕಡೆ ತಿರುಗಿಸಿಕೊಂಡು ನೀರು ಮೊಗೆಯಬೇಕು ಅನ್ನಿಸುತ್ತದೆ. ಹೊಸಬರೆಲ್ಲ ಹಾಗೇ ಹಿಡಿಯುವುದಂತೆ. ಅದು ತಪ್ಪು, ಬಾಗು ಮುಂದಕ್ಕೆ ಇರಬೇಕು. ಹಾಗೆ ಹಿಡಿದರೆ ಎಳೆಯುವಾಗ ಎಲೆ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ನೀರನ್ನು ಮೇಲೆತ್ತುವ ದಂಡದ ಕೆಲಸ ತಪ್ಪುತ್ತದೆ. ಕಾಲ್ಬೆರಳಿನ ಮುಂದೆ ಪೂರ್ತಿ ಅದ್ದಿ, ಹಿಮ್ಮಡಿಯ ತನಕ ಎಳೆದು, ತೆಗೆದುಬಿಡಬೇಕು. ಅದಕ್ಕಿಂತ ಹಿಂದೆ ಎಳೆದರೆ ಬೋರ್ಡು ಸೊಟ್ಟಗೆ ತಿರುಗುತ್ತದೆ.

ಮೊದಲು ಮಂಡಿಯೂರಿ ಹೋಗುವುದು. ಇದು ಸುಲಭ. ಇಲ್ಲೇ ಇದ್ದುಬಿಡೋಣ ಅನ್ನಿಸುವಷ್ಟು ಸುಲಭ. ಆಮೇಲೆ ಒಂದೊಂದೇ ಕಾಲು ಎತ್ತಿಟ್ಟು, ನಡುವಿನ ಹಿಡಿಕೆಯ ಅಕ್ಕಪಕ್ಕ ಪಾದ ಊರಿ ಏಳಬೇಕು. ಎದ್ದ ಕೂಡಲೇ ಕಾಲು ತಾನಾಗಿ ನಡುಗಲು ಶುರು. ಕಣ್ಣು ಪಾದದ ಮೇಲೆ ಹೋಗುತ್ತದೆ, ಪಾದ ನೋಡಿದವರು ಬೀಳುತ್ತಾರೆ. 'ಕಾಲು ನೋಡ್ಬೇಡ ಚಿಕ್ಕಮ್ಮ, ಏರಿ ಮೇಲಿನ ಹುಣಸೆಮರ ನೋಡು' ಅಂತ ಇವಳು ಕೂಗುತ್ತಾಳೆ. ಏರಿಯ ಮೇಲೆ ಹುಣಸೆಮರ ಒಂದೇ ಇದ್ದರೆ ನೋಡಬಹುದಿತ್ತು. ಅದರ ಕೆಳಗೆ ನನ್ನ ಜೊತೆ ಪ್ರೈಮರಿ ಓದಿದವರೆಲ್ಲ ನಿಂತಿದ್ದರು.

ಬಿದ್ದೆ, ಮತ್ತೆ ಬಿದ್ದೆ. ಬೀಳುವುದಕ್ಕೂ ಕ್ರಮವಿದೆ. ಬೋರ್ಡಿನ ಮೇಲೆ ಬೀಳಬಾರದು, ಪಕ್ಕದ ನೀರಿಗೆ ಬೀಳಬೇಕು. ತಲೆ ಮೊದಲಾಗಿ ಧುಮುಕಬಾರದು, ತಳ ಎಷ್ಟು ಆಳವೋ ಯಾರಿಗೆ ಗೊತ್ತು. ಒಗೆಯುವ ಕಲ್ಲಿನ ಹತ್ತಿರದ ಹೆಂಗಸರು ಪ್ರತಿ ಸಲವೂ 'ಯವ್ವಾ, ಬಿದ್ಲಲ್ಲೇ' ಅಂತ ಒಟ್ಟಿಗೆ ಕೂಗುತ್ತಿದ್ದರು. ಅದರಲ್ಲಿ ಅನುಕಂಪ ಕಡಿಮೆ, ಖುಷಿ ಜಾಸ್ತಿ. ಆಮೇಲೆ ಸಲಹೆ. ಒಬ್ಬಳು ಕಾಲು ಅಗಲ ಮಾಡು ಅಂದಳು, ಒಬ್ಬಳು ಸೊಂಟ ಬಗ್ಗಿಸು ಅಂದಳು, ಇನ್ನೊಬ್ಬಳು ಮೊದಲು ಗಂಗಮ್ಮನಿಗೆ ಕಾಯಿ ಒಡೆಯಬೇಕಿತ್ತು ಅಂದಳು. ಮೊದಲನೆಯದು ಸರಿಯಾಗಿಯೇ ಇತ್ತು. ಎರಡನೆಯದರಲ್ಲಿ ಸೊಂಟದ ಬದಲು ಮಂಡಿ ಅಂದಿದ್ದರೆ ಅದೂ ಸರಿ.

ಕೆರೆಯ ಇನ್ನೊಂದು ಮೂಲೆಯಲ್ಲಿ ಒಬ್ಬ ಅಜ್ಜ ಬಲೆ ಬೀಸುತ್ತಿದ್ದ. ಅವನ ತೆಪ್ಪ ಅಂದರೆ ಥರ್ಮೋಕೋಲ್ ಹಲಗೆಗಳನ್ನು ಚೀಲದಲ್ಲಿ ಸುತ್ತಿ ಹಗ್ಗ ಬಿಗಿದದ್ದು. ಅದರ ಮೇಲೆ ನಿಂತು, ಎರಡೂ ಕೈ ಬಿಟ್ಟು ಬಲೆ ಬೀಸುತ್ತಾನೆ. ನಿಂತ ಜಾಗದಿಂದ ಒಂದಿಂಚು ಅಲುಗುವುದಿಲ್ಲ. ಲೈಫ್ ಜಾಕೆಟ್ ಇಲ್ಲ, ಅದೊಂದು ತಪ್ಪು. ಉಳಿದದ್ದೆಲ್ಲ ಪಾಠದಲ್ಲಿ ಹೇಳಿದ ಹಾಗೇ: ಮಂಡಿ ಸಡಿಲ, ಕಣ್ಣು ದೂರ. ಹತ್ತಿರ ಬಂದು ಬೋರ್ಡನ್ನು ಒಮ್ಮೆ ಹುಟ್ಟಿನಿಂದ ತಟ್ಟಿ, 'ಇದ್ರಾಗೆ ಎಷ್ಟು ಮೀನು ಹಿಡೀತಿರವ್ವಾ?' ಅಂದ. ಮೀನು ಹಿಡಿಯೋಕಲ್ಲ ಅಜ್ಜಾ ಅಂದೆ. 'ಮತ್ತೆ?' ಅಂದ. ಮತ್ತೆ ಏನು ಹೇಳುವುದು?

ಇದು ಶುರುವಾದ ಹವಾಯಿಯಲ್ಲೂ ಆಟವಾಗಿ ಹುಟ್ಟಿದ್ದಲ್ಲವಂತೆ. ಅಲ್ಲಿನ ವೈಕಿಕಿ ಬೀಚಿನಲ್ಲಿ ಪ್ರವಾಸಿಗಳಿಗೆ ಸರ್ಫಿಂಗ್ ಕಲಿಸುತ್ತಿದ್ದವರು ದೊಡ್ಡ ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತಿದ್ದರು. ನಿಂತರೆ ಬರುವ ಅಲೆಯೂ ಕಾಣುತ್ತದೆ, ಶಿಷ್ಯರೂ ಕಾಣುತ್ತಾರೆ, ಫೋಟೋ ತೆಗೆಯಲೂ ಸುಲಭ. ಅವರಿಗೂ ಅದು ಕೆಲಸವೇ. 2000ದ ಆಸುಪಾಸಿನಲ್ಲಿ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮ ಅನ್ನುವ ಸರ್ಫರ್‌ಗಳು ಮತ್ತೆ ಹಿಡಿದುಕೊಂಡ ಮೇಲೆ ಲೋಕಕ್ಕೆಲ್ಲ ಹಬ್ಬಿತು. ಹಬ್ಬಿದ ಮೇಲೆ ಜಗಳ ಬರದೆ ಇರುತ್ತದಾ? ಇದು ನಮ್ಮ ಆಟ ಅಂತ ಸರ್ಫಿಂಗ್ ಒಕ್ಕೂಟ, ಅಲ್ಲ ನಮ್ಮದು ಅಂತ ದೋಣಿ ಸ್ಪರ್ಧೆಗಳ ಒಕ್ಕೂಟ, ಇಬ್ಬರೂ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯದ ತನಕ ಹೋದರು. 2020ರಲ್ಲಿ ತೀರ್ಪು ಬಂತು: ಒಲಿಂಪಿಕ್ ಮಟ್ಟದಲ್ಲಿ ಸರ್ಫಿಂಗ್‌ನವರದ್ದು, ಸ್ಪರ್ಧೆಗಳನ್ನು ಬೇಕಾದರೆ ಇಬ್ಬರೂ ನಡೆಸಿ. ಒಂದು ಕೆರೆಯ ನೀರಿಗೆ ಎರಡು ಊರು ಕೋರ್ಟು ಹತ್ತುವುದನ್ನು ಕಂಡ ನಮಗೆ ಇದೇನು ವಿಚಿತ್ರವಲ್ಲ.

ಗಾಳಿಯ ಮಾತು ಹೇಳಲೇಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಬೋರ್ಡಿನ ಮೇಲೆ ನೆಟ್ಟಗೆ ನಿಂತ ಮನುಷ್ಯನನ್ನು ಗಾಳಿ ಸಲೀಸಾಗಿ ತಳ್ಳಿಕೊಂಡು ಹೋಗುತ್ತದೆ. ಆಷಾಢದಲ್ಲಿ ಕಲಿಯಲು ಹೊರಡುವುದು ಬೇಡ. ಮಳೆ ನಿಂತು, ಕೆರೆ ತುಂಬಿರುವ ಕಾರ್ತೀಕದ ಬೆಳಗಿನ ಹೊತ್ತು ಚೆನ್ನ. ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು, ಸುಸ್ತಾಗಿ ತಿರುಗಿದಾಗ ಅದೇ ಗಾಳಿ ಮನೆಗೆ ತಂದು ಬಿಡುತ್ತದೆ. ಜೋರಾದರೆ ಮರ್ಯಾದೆ ನೋಡದೆ ಮಂಡಿಯೂರಿಬಿಡಬೇಕು.

ಕೊನೆಗೆ ನಿಂತೆ. ಬಿಗಿಹಿಡಿದು ಪಾದ ಜುಮ್ಮೆನ್ನುತ್ತಿತ್ತು. ಹುಟ್ಟು ಹಾಕದೆ ಸುಮ್ನೆ ನಿಂತರೆ ಹೊಯ್ದಾಟ, ಹಾಕಿದರೆ ಸ್ವಲ್ಪ ನೆಮ್ಮದಿ. ನಡುಕೆರೆಯ ಕಡೆ ಹೋದಾಗ ಒಂದು ತಮಾಷೆ ಗೊತ್ತಾಯಿತು. ಹುಟ್ಟಿದಾಗಿನಿಂದ ಈ ಕೆರೆಯನ್ನು ಊರಿನ ಕಡೆಯಿಂದ ನೋಡಿದ್ದೇನೆಯೇ ಹೊರತು ಊರನ್ನು ಕೆರೆಯ ಕಡೆಯಿಂದ ನೋಡಿರಲಿಲ್ಲ. ನಮ್ಮ ಮನೆಯ ಹಿತ್ತಿಲು ಕಾಣುತ್ತಿತ್ತು. ಅಣ್ಣ ಅಡಿಕೆ ಸಿಪ್ಪೆ ಎಲ್ಲಿ ಸುರಿಯುತ್ತಾನೆ ಅನ್ನುವುದೂ ಕಾಣುತ್ತಿತ್ತು, ಅತ್ತಿಗೆಯ ಹತ್ತಿರ ಅವನು ಹೇಳಿದ ಜಾಗ ಅದಲ್ಲ. ಏರಿಯ ಮೇಲಿನವರು ಇರುವೆಯಷ್ಟಾಗಿದ್ದರು. ಅವರ ಸಲಹೆ ಕೇಳುತ್ತಿರಲಿಲ್ಲ. ಅಷ್ಟು ಹೊತ್ತು ಯಾರಿಗೂ ಯಾವ ಕಾರಣವನ್ನೂ ಹೇಳಬೇಕಾಗಿರಲಿಲ್ಲ.

ರಜೆ ಮುಗಿಸಿ ಹೋಗುವಾಗ ಅವಳು ಬೋರ್ಡನ್ನು ನನ್ನ ಹತ್ತಿರವೇ ಬಿಟ್ಟುಹೋದಳು. ಒದ್ದೆಯಾಗಿ ಸುತ್ತಿಟ್ಟರೆ ಬೂಸಲು ಹಿಡಿಯುತ್ತದೆ ಅಂತ ದಾವಣಗೆರೆಗೆ ತಂದು ಮಾಳಿಗೆ ಮೇಲೆ ಒಣಗಲು ಇಟ್ಟೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ಸ್ವಲ್ಪ ಬಿಟ್ಟಿರಬೇಕು, ಅದನ್ನೂ ಬಿಟ್ಟೆ. ಮಧ್ಯಾಹ್ನ ಹೋಗಿ ನೋಡಿದರೆ ಬೋರ್ಡಿನ ಮೇಲೆ ಹಳೆಯ ಪಂಚೆ ಹಾಸಿದೆ, ಅದರ ಮೇಲೆ ತುದಿಯಿಂದ ತುದಿಯವರೆಗೆ ಅಕ್ಕಿ ಸಂಡಿಗೆ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾಗೆ ಓಡಿಸುತ್ತಿದ್ದರು.

'ಕೆಳಗೆ ಧೂಳು ಹತ್ತಲ್ಲ, ಬಗ್ಗೋದೂ ಬೇಡ. ಇಂಥದ್ದು ಇನ್ನೊಂದು ತರ್ಸು' ಅಂದರು.