ಒಪ್ಪಿದ್ದು ಸರಿ, ಬಿಡೋಕಾಗುತ್ತಾ?

ಸಾಲವಿರಲಿ, ಸಂಬಂಧವಿರಲಿ, 'ವಯಸ್ಕರಿಬ್ಬರು ಒಪ್ಪಿದ ಮೇಲೆ ಮೂರನೆಯವರಿಗೇನು ಕೆಲಸ' ಎಂಬ ವಾದವನ್ನು ಲೇಖನವೊಂದರಲ್ಲಿ ಓದಿದೆ. ಅದು ಅರ್ಧ ಸರಿ. ಒಪ್ಪಿಗೆ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು, ಇದ್ದಮಾತ್ರಕ್ಕೆ ಮುಗಿಯುವುದಿಲ್ಲ.

ಸಾಲಕ್ಕೆ ದುಡಿಮೆ ಒತ್ತೆಯಿಡುವುದನ್ನೇ ನೋಡಿ. ಗುಲಾಮಗಿರಿ ರದ್ದತಿ ಕುರಿತ ವಿಶ್ವಸಂಸ್ಥೆಯ 1956ರ ಪೂರಕ ಒಡಂಬಡಿಕೆ, ಸಾಲದ ಜೀತವನ್ನು ವಿವರಿಸುವಾಗ ಸಾಲಗಾರ ಒಪ್ಪಿದ್ದನೇ ಎಂದು ಕೇಳುವುದೇ ಇಲ್ಲ. ದುಡಿಮೆಯ ನ್ಯಾಯವಾದ ಬೆಲೆ ಸಾಲಕ್ಕೆ ಜಮೆಯಾಗುತ್ತಿದೆಯೇ, ದುಡಿಮೆಯ ಅವಧಿ ಮತ್ತು ಸ್ವರೂಪಕ್ಕೆ ಮಿತಿ ಇದೆಯೇ ಎಂದಷ್ಟೇ ನೋಡುತ್ತದೆ. ಒಂದು ತಪ್ಪಿದರೂ ಜೀತವೇ. ಲೆಕ್ಕ ಹಾಕಿ: 10,000 ಸಾಲಕ್ಕೆ ತಿಂಗಳಿಗೆ ನೂರಕ್ಕೆ 5 ಬಡ್ಡಿ. ತಿಂಗಳಿಗೆ 500 ಕಟ್ಟುತ್ತಿದ್ದರೆ ಅಸಲು ಕದಲುವುದೇ ಇಲ್ಲ, ಇಡೀ ಜನ್ಮ ಕಟ್ಟಿದರೂ. ಏನೂ ಕಟ್ಟದಿದ್ದರೆ ಚಕ್ರಬಡ್ಡಿ ಸೇರಿ 15 ತಿಂಗಳಿಗೆ 20,000 ದಾಟುತ್ತದೆ. ಸಹಿ ಮಾತ್ರ ಸ್ವಂತದ್ದೇ!

ಸಂಬಂಧಗಳಲ್ಲಿ ಇಷ್ಟು ಸಲೀಸಾದ ಲೆಕ್ಕ ಸಿಗದು. ಆದರೂ ಮನೆ, ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್ ಎಲ್ಲವೂ ಒಬ್ಬರ ಕೈಯಲ್ಲೇ ಇದ್ದು, ಇನ್ನೊಬ್ಬರು 'ಹೂಂ' ಅಂದರೆ ಅದನ್ನು ಎಷ್ಟು ನಂಬುತ್ತೀರಿ? ನಾನಾದರೆ 'ಒಪ್ಪಿದ್ದೀರಾ' ಎನ್ನುವ ಬದಲು 'ನಾಳೆ ಬೇಡ ಅಂದರೆ ರಾತ್ರಿ ಎಲ್ಲಿ ಮಲಗುತ್ತೀರಿ' ಎಂದು ಕೇಳುತ್ತೇನೆ.