ಗುಂಡಿ ಬಿಡ್ರೀ ಸ್ವಾಮಿ!

ಇವತ್ತೂ ನಮ್ಮ ಹ್ಯಾಮ್ ರೇಡಿಯೋ ಹವ್ಯಾಸಿಗಳ ಬೆಳಗಿನ ನೆಟ್ (ಗೊತ್ತಾದ ಹೊತ್ತಿಗೆ ಎಲ್ಲರೂ ರೇಡಿಯೋದಲ್ಲಿ ಸೇರುವ ಕೂಟ) ಕುಕ್ಕರ್ ಕೂಗಿನಲ್ಲೇ ಮುಳುಗಿತು. ಕೂಟ ನಡೆಸುವ ನೆಟ್ ಕಂಟ್ರೋಲ್ ಇನ್ನೂ ಮೂರನೇ ಕಾಲ್‌ಸೈನ್ (ಹ್ಯಾಮ್‌ಗಳ ಗುರುತಿನ ಹೆಸರು) ಕರೆದಿರಲಿಲ್ಲ, ಯಾರದೋ ರೇಡಿಯೋದ ಕ್ಯಾರಿಯರ್ ಅಲೆ ಬಂದು, ಎಲ್ಲರ ಮಾತು ಹಿಡಿದು ಊರಿಗೆ ಮರುಪ್ರಸಾರ ಮಾಡುವ ರಿಪೀಟರ್ ಮೇಲೆ ಪದ್ಮಾಸನ ಹಾಕಿ ಕೂತಿತು. ಮೊದಲು ಬಟ್ಟೆ ಉಜ್ಜಿದ ಸರಪರ, ಆಮೇಲೆ ಎರಡು ಸೀಟಿ, ಆಮೇಲೆ "ಕೊತ್ತಂಬರಿ ತರೋದು ಮರೆತ್ರಾ?" ಪಿಟಿಟಿ, ಅಂದರೆ ಮಾತಾಡಲು ಒತ್ತುವ ಗುಂಡಿ, ಸ್ಟಕ್. ಇನ್ನು ಯಾರ ಮಾತೂ ನಡೆಯುವುದಿಲ್ಲ.

ಹೊಸದಾಗಿ ವಿಯು3 ಕಾಲ್‌ಸೈನಿನ ಲೈಸೆನ್ಸ್ ತಗೊಂಡ ಹುಡುಗರು ಪಾಪ, "ಓಎಂ (ಗೆಳೆಯರೇ), ನಿಮ್ಮ ಪಿಟಿಟಿ ಒತ್ತಿಕೊಂಡಿದೆ" ಅಂತ ರಿಪೀಟರ್‌ನಲ್ಲೇ ಕೂಗುತ್ತಾರೆ. ಎಷ್ಟು ಕೂಗಿದರೇನು? ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ) ಸಿಗ್ನಲ್ ಕಳಿಸುತ್ತಿರುವಾಗ ಅದರ ಕಿವಿ ಮುಚ್ಚಿರುತ್ತದೆ. ಊರಿಗೆಲ್ಲ ಅವರ ಮನೆ ಕೇಳುತ್ತದೆ, ಅವರಿಗೆ ಮಾತ್ರ ಊರು ಕೇಳುವುದಿಲ್ಲ. ಎಫ್‌ಎಂನಲ್ಲಿ ಬಲವಾದ ಸಿಗ್ನಲ್ ಉಳಿದದ್ದನ್ನು ನುಂಗಿಬಿಡುವುದರಿಂದ, ರಿಪೀಟರ್ ಹತ್ತಿರದ ಮನೆಯವರದು ಸಿಕ್ಕಿಕೊಂಡರಂತೂ ಮುಗಿಯಿತು. ರಿಪೀಟರ್‌ನ ಟೈಮರ್ ಸಾಮಾನ್ಯವಾಗಿ ಮೂರು ನಿಮಿಷಕ್ಕೆ ಬಾಯಿ ಮುಚ್ಚಿಸುತ್ತದೆ, ನಿಜ. ಆದರೆ ಇನ್‌ಪುಟ್‌ನಲ್ಲಿ, ಅಂದರೆ ಅದು ಕೇಳಿಸಿಕೊಳ್ಳುವ ಫ್ರೀಕ್ವೆನ್ಸಿಯಲ್ಲಿ, ಕ್ಯಾರಿಯರ್ ಇರುವ ತನಕ ಅದು ಮತ್ತೆ ಬಾಯಿ ತೆರೆಯುವುದೂ ಇಲ್ಲ. ಬ್ಯಾಟರಿ ಮುಗಿಯಲಿ ಅಂತ ಕಾಯೋಣವೆಂದರೆ, 1800 ಎಂಎಎಚ್ ಬ್ಯಾಟರಿ 5 ವ್ಯಾಟ್‌ನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ ಎಳೆಯುತ್ತದೆ. ಕಾರಿನ 50 ವ್ಯಾಟ್ ರಿಗ್ ಆದರೆ ದೇವರೇ ಗತಿ.

ಉಳಿದ ದಾರಿ ಫೋನು. ಅಸಲಿ ನಾಟಕ ಶುರುವಾಗುವುದೇ ಇಲ್ಲಿ. ಟೈಮರ್ ಬಾಯಿ ಮುಚ್ಚಿಸುವ ಮೊದಲೇ, ಅನುಮಾನ ಬಂದವರಿಗೆಲ್ಲ ನೆಟ್ ಕಂಟ್ರೋಲ್ ಫೋನ್ ಹಚ್ಚುತ್ತಾರೆ. ಹಚ್ಚಿದ ಫೋನಿನ ರಿಂಗ್ ರೇಡಿಯೋದಲ್ಲೂ ಕೇಳಿಸಿತೆಂದರೆ ಆಸಾಮಿ ಸಿಕ್ಕಿದ ಅಂತಲೇ ಅರ್ಥ.

"ಸಾರ್, ನಿಮ್ಮ ಪಿಟಿಟಿ ಸಿಕ್ಕಿಹಾಕಿಕೊಂಡಿದೆ."

"ನಂದಾ? ಛೆ ಛೆ, ನಾನು ರೇಡಿಯೋ ಮುಟ್ಟೇ ಇಲ್ಲ!"

ಈ "ಮುಟ್ಟೇ ಇಲ್ಲ" ರಿಪೀಟರ್ ಮೇಲೆ 5-9 ಸಿಗ್ನಲ್‌ನಲ್ಲಿ ಊರಿಗೆಲ್ಲ ಸ್ಪಷ್ಟವಾಗಿ ಕೇಳುತ್ತಿರುತ್ತದೆ.

"ಸಾರ್, ನೀವೀಗ ಆಡಿದ್ದು ನನಗೆ ಎರಡೆರಡು ಸಲ ಕೇಳ್ತಿದೆ."

"ಅದು ನಿಮ್ಮ ಫೋನ್ ಪ್ರಾಬ್ಲಮ್ ಇರಬೇಕು, ಟವರ್ ಸರಿ ಇಲ್ಲ."

"ಸಾರ್, ಕುಕ್ಕರ್ ಐದು ಸಲ ಕೂಗಿತು, ಆಫ್ ಮಾಡಿ ಅಂತ ಮನೆಯವರು ಹೇಳ್ತಿದ್ದಾರಲ್ಲ?"

ಒಂದು ಕ್ಷಣ ಮೌನ. "...ನಿಮಗೆ ಹೇಗೆ ಗೊತ್ತಾಯ್ತು?" ಆಮೇಲೆ ಠಕ್ ಅಂತ ಸದ್ದು, ರಿಪೀಟರ್ ಸುಮ್ಮನಾಗುವ ಮುನ್ನ ಬಿಡುವ ಬಾಲದ ಸದ್ದು, ಸ್ವರ್ಗದಂಥ ನಿಶ್ಶಬ್ದ.

ಫೋನಿಗೂ ಸಿಗದವರನ್ನು ಹುಡುಕಬೇಕೆಂದರೆ ರೇಡಿಯೋದ ರಿವರ್ಸ್ ಕೀ ಒತ್ತಿ ರಿಪೀಟರ್‌ನ ಇನ್‌ಪುಟ್ಟನ್ನೇ ನೇರವಾಗಿ ಕೇಳಬೇಕು. ಎರಡು ಮೀಟರ್ ಬ್ಯಾಂಡಿನಲ್ಲಿ ಅದು 600 ಕಿಲೋಹರ್ಟ್ಸ್ ಕೆಳಗೆ, ಔಟ್‌ಪುಟ್ 145.650 ಮೆಗಾಹರ್ಟ್ಸ್ ಆದರೆ ಇನ್‌ಪುಟ್ 145.050. ಅಲ್ಲೂ ಕೇಳಿಸಿತೆಂದರೆ ಪುಣ್ಯಾತ್ಮರು ಹತ್ತಿರದಲ್ಲೇ ಇದ್ದಾರೆ. ಹ್ಯಾಂಡಿಯನ್ನು ಎದೆಗೊತ್ತಿಕೊಂಡು ನಿಧಾನವಾಗಿ ಸುತ್ತು ಹಾಕಿ; ಸಿಗ್ನಲ್ ಎಲ್ಲಿ ತೀರಾ ಕುಗ್ಗುತ್ತದೋ ಆಗ ಅವರ ಮನೆ ನಿಮ್ಮ ಬೆನ್ನ ಹಿಂದೆ. ಬೀದಿಯಲ್ಲಿ ಹೀಗೆ ತಿರುಗುವುದನ್ನು ಕಂಡ ಅಕ್ಕಪಕ್ಕದವರಿಗೆ ಕೊಡಬೇಕಾದ ವಿವರಣೆ ಬೇರೆ ವಿಷಯ.

ಇಷ್ಟಕ್ಕೂ ಗುಂಡಿ ಸಿಕ್ಕಿಕೊಳ್ಳುವುದು ಯಾಕೆ? ಸ್ಪೀಕರ್ ಮೈಕನ್ನು ಕೊಕ್ಕೆಗೆ ಹಾಕದೆ ಸೀಟಿನ ಮೇಲೆ ಎಸೆದು ಅದರ ಮೇಲೇ ಕೂರುವುದರಿಂದ. ಎರಡು ಪಿನ್ನಿನ ಪ್ಲಗ್ಗು ಅರ್ಧ ಒಳಗೆ ಅರ್ಧ ಹೊರಗೆ ಇದ್ದರೆ ಒಳಗಿನ ಸಂಪರ್ಕಗಳು ಒಂದಕ್ಕೊಂದು ತಾಗಿ, ಯಾರೂ ಒತ್ತದೆಯೇ ರೇಡಿಯೋ ತಾನೇ ಮಾತಿಗಿಳಿಯುತ್ತದೆ. ಗುಂಡಿಯ ರಬ್ಬರಿನಡಿ ಬೆವರು, ಧೂಳು ಸೇರಿದರೆ ಒತ್ತಿದ್ದು ಮೇಲೇಳುವುದಿಲ್ಲ. ವಾಕ್ಸ್ (ಸದ್ದು ಕೇಳಿದರೆ ತಾನೇ ಪ್ರಸಾರ ಶುರುಮಾಡುವ ಸೌಲಭ್ಯ) ಆನ್ ಇಟ್ಟು ಮರೆತ ಮನೆಯಲ್ಲಂತೂ ನಾಯಿ ಬೊಗಳಿದರೂ ಅದೊಂದು ಕ್ಯೂಎಸ್‌ಓ (ರೇಡಿಯೋ ಸಂಭಾಷಣೆ). "ನಾನು ಕೀ ಲಾಕ್ ಹಾಕಿಯೇ ಇಡ್ತೀನಿ" ಅನ್ನುವವರಿಗೆ ನಮಸ್ಕಾರ: ಬಹಳಷ್ಟು ಹ್ಯಾಂಡಿಗಳಲ್ಲಿ ಆ ಲಾಕ್ ಅಂಕಿಗಳ ಕೀಲಿಗಷ್ಟೇ, ಪಿಟಿಟಿಯ ತಂಟೆಗೆ ಅದು ಹೋಗುವುದೇ ಇಲ್ಲ.

ಮದ್ದು ಬಹಳಷ್ಟು ಹ್ಯಾಂಡಿಗಳ ಹೊಟ್ಟೆಯಲ್ಲೇ ಇದೆ, ಇಟ್ಟ ಹೊತ್ತು ಮೀರಿದರೆ ಪ್ರಸಾರವನ್ನು ತಾನೇ ಕತ್ತರಿಸುವ ಟೈಮ್ ಔಟ್ ಟೈಮರ್. ಬಾಫೆಂಗ್ ಯುವಿ-5ಆರ್‌ನಲ್ಲಿ 9ನೇ ಮೆನು. 15ರಿಂದ 600 ಸೆಕೆಂಡಿನವರೆಗೆ, ಹದಿನೈದು ಹದಿನೈದರ ಹೆಜ್ಜೆ. 60 ಇಟ್ಟರೆ ಧಾರಾಳ. ಆದರೆ ನಮ್ಮಲ್ಲಿ ಕೆಲವರಿಗೆ ಆಂಟೆನಾ ಪುರಾಣದ ಪೀಠಿಕೆಯೇ ಅರವತ್ತು ಸೆಕೆಂಡಿನಲ್ಲಿ ಮುಗಿಯುವುದಿಲ್ಲ. ಮಧ್ಯದಲ್ಲಿ ಕತ್ತರಿಸಿತೆಂದು ಸಿಟ್ಟಾಗಿ 600ಕ್ಕೆ ತಿರುಗಿಸುತ್ತಾರೆ. ಗುಂಡಿ ಸಿಕ್ಕಿಕೊಳ್ಳುವುದೂ ಇಂಥವರದ್ದೇ. 4ನೇ ಮೆನುವಿನಲ್ಲಿ ವಾಕ್ಸ್ ಆಫ್ ಮಾಡಿ. ಕೆಳಗಿಡುವ ಮುಂಚೆ ಕೆಂಪು ದೀಪ ಆರಿದೆಯೇ ಅಂತ ಒಂದು ಸಲ ನೋಡಿ. ಬೇಡವಾದಾಗ ವಾಲ್ಯೂಮ್ ತಗ್ಗಿಸಿಡುವ ಬದಲು ಪೂರ್ತಿ ಆಫ್ ಮಾಡಿ. ಇದಕ್ಕೆಲ್ಲ ಇಂಜಿನಿಯರಿಂಗ್ ಓದಬೇಕಿಲ್ಲ.

ರಿಪೀಟರ್ ತೆರೆಯಲು ಬೇಕಾದ ಟೋನ್ ಹಾಕದೆ ಅರ್ಧ ಗಂಟೆ ಕರೆದು "ಈ ರಿಪೀಟರ್ ಕೆಟ್ಟಿದೆ" ಎಂದು ತೀರ್ಪು ಕೊಡುವವರ ಮೇಲೆ ಸಿಟ್ಟಿಲ್ಲ, ಅವರ ಗದ್ದಲ ಯಾರಿಗೂ ಕೇಳುವುದಿಲ್ಲವಲ್ಲ. 40 ಮೀಟರ್ ಬ್ಯಾಂಡಿನಲ್ಲಿ ಬೇರೆಯವರ ನೆಟ್ ಮೇಲೆಯೇ ಆಂಟೆನಾ ಟ್ಯೂನರ್ ತಿರುಗಿಸುತ್ತ 100 ವ್ಯಾಟ್ ಸೀಟಿ ಹಾಕುವವರ ಬಗ್ಗೆ ಅಷ್ಟು ಉದಾರ ಮನಸ್ಸಿಲ್ಲ. ಪವರ್ 10ಕ್ಕೆ ಇಳಿಸಿ, ಖಾಲಿ ಜಾಗಕ್ಕೆ ನಾಲ್ಕೈದು ಕಿಲೋಹರ್ಟ್ಸ್ ಸರಿದು, "ಇಲ್ಲಿ ಯಾರಾದರೂ ಇದ್ದೀರಾ" ಅಂತ ಕೇಳಿ ಟ್ಯೂನ್ ಮಾಡಿದರೆ ಗಂಟೇನು ಹೋಗುತ್ತದೆ? 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಡಿದಾಗ, ಡಿಎಕ್ಸ್‌ಪೆಡಿಷನ್ನಿಗೆಂದು (ಅಪರೂಪದ ಜಾಗದಿಂದ ರೇಡಿಯೋ ಸಂಪರ್ಕ ನಡೆಸುವ ಯಾತ್ರೆ) ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅದೇ ರಿಗ್‌ಗಳಲ್ಲಿ ಅಂಡಮಾನ್ ಸುದ್ದಿಯನ್ನು ಹೊರಗೆ ಮುಟ್ಟಿಸಿದರು. ಅಂಥ ಹೊತ್ತಿನಲ್ಲಿ ಫ್ರೀಕ್ವೆನ್ಸಿ ಮೇಲೆ ಯಾರದೋ ಕುಕ್ಕರ್ ಕೂತಿದ್ದರೆ ಏನು ಗತಿ!

ಸಿಕ್ಕಿಕೊಂಡ ಮೈಕುಗಳೆಲ್ಲ ಕುಕ್ಕರ್ ಕೂಗಿಸುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕೆಲವು ಮನೆಗಳಿಂದ ಗೋಡೆ ಗಡಿಯಾರ, ದೂರದ ಟಿವಿ, ಒಂದು ಕೆಮ್ಮು, ಇಷ್ಟೇ ಬರುತ್ತವೆ. ನೆಟ್‌ನಲ್ಲಿ ಬಿಟ್ಟರೆ ಮಾತಿಗೆ ಬೇರೆ ಯಾರೂ ಸಿಗದ ಹಿರಿಯರ ಮನೆಗಳು ಅವು. ಅಂಥ ದಿನ ಯಾರೂ ಕೂಗಾಡುವುದಿಲ್ಲ. ಯಾರೋ ಒಬ್ಬರು ಮೆಲ್ಲಗೆ ಫೋನ್ ಮಾಡಿ, ಪಿಟಿಟಿ ವಿಷಯ ತೆಗೆಯುವ ಮೊದಲು ತಿಂಡಿ ಆಯ್ತಾ ಅಂತ ಕೇಳುತ್ತಾರೆ.

ಬೆಳಗಿನ ಆಸಾಮಿ ಆ ಪೈಕಿ ಅಲ್ಲ. ನೆಟ್ ಬರ್ಖಾಸ್ತಾಗಿ ಹತ್ತು ನಿಮಿಷಕ್ಕೆ ಗುಂಡಿ ಬಿಟ್ಟರು, ಕಾಲ್‌ಸೈನ್ ಹೇಳಿದರು, ಕಾದರು. ಆಮೇಲೆ ಬೇಜಾರಿನಲ್ಲಿ ವರದಿ ಒಪ್ಪಿಸಿ, 73 ಅನ್ನುವ ಹ್ಯಾಮ್ ವಿದಾಯ ಹೇಳಿದರು: "ಏನಿದು, ಇವತ್ತು ನೆಟ್‌ಗೆ ಒಬ್ಬರೂ ಬರಲೇ ಇಲ್ಲ. ಒಂದು ಗಂಟೆಯಿಂದ ರೇಡಿಯೋ ಪಕ್ಕದಲ್ಲೇ ಇದ್ದೀನಿ, ಯಾರ ಸದ್ದೂ ಇಲ್ಲ. ಈ ಹವ್ಯಾಸ ಸತ್ತೇ ಹೋಯ್ತು ಬಿಡಿ. 73."